ದಾರಿಗೆ ಅಡ್ಡ ನಿಂತ ಯಜಮಾನರು

ಮೊಮ್ಮಗಳು ಸೈಕಲ್ ತುಳಿದಳು, ನಾನು ಮುದ್ದೆ ಕಟ್ಟಿದೆ. ಹೀಗೆ ನಾವಿಬ್ಬರೂ ಕೊಳ್ಳೇಗಾಲದಿಂದ ಹೊರಟು, ಹನೂರು ದಾಟಿ, ಮಾದಪ್ಪನ ಬೆಟ್ಟ ಕಂಡು, ಬಂದ ದಾರಿಯಲ್ಲೇ ಹಿಂದಿರುಗಿ, ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು. ನಾನು ಓದಿದ್ದು ಕಡಿಮೆ. ಒತ್ತಕ್ಷರ ಎಲ್ಲಿ ಕೂರಬೇಕು ಎಂದು ಈಗಲೂ ಮೊಮ್ಮಗಳನ್ನೇ ಕೇಳಬೇಕು. ಆದರೂ ಇದನ್ನು ಅವಳ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ. ಅವಳು ಬರೆದರೆ ತನ್ನ ಬಗ್ಗೆ ಎರಡು ಸಾಲು ಬರೆದು ಮುಗಿಸಿಬಿಡುತ್ತಾಳೆ. ನನಗೆ ಅಷ್ಟು ಸಾಲದು.

ಈ ಸೈಕಲ್ ಯಾತ್ರೆ ಹೂಡಿದವರು ಅವಳ ಕಾಲೇಜಿನ ಆಟದ ಮೇಷ್ಟ್ರು. ಹುಡುಗರು ಹುಡುಗಿಯರು ಸೇರಿ ಹತ್ತಿರ ಹತ್ತಿರ ಇಪ್ಪತ್ತು ಮಂದಿ, ಒಂದು ವಾರದ ದಾರಿ. ಅವಳ ಅಪ್ಪ ಅಮ್ಮ ಇಬ್ಬರೂ ಹೂಂ ಅಂದಿದ್ದರು. ಆದರೆ ನಮ್ಮ ಮನೆಯಲ್ಲಿ ಆ ಮಾತು ನಮ್ಮ ಯಜಮಾನರ ಬಾಯಿಂದ ಬಂದರೇ ಬಂದ ಹಾಗೆ. ಅವರು ಉಹೂಂ ಅಂದರು.

ಕಾರಣ ಅವಳ ಉಬ್ಬಸ. ಚಿಕ್ಕವಳಿದ್ದಾಗ ಚಳಿ ಹತ್ತಿದರೆ ಸಾಕು, ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಯಜಮಾನರು ಅವಳನ್ನು ಕಂಬಳಿಯಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಟವೆಲಿನಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಕಾಮಗೆರೆಯ ಆಸ್ಪತ್ರೆಗೆ ತುಳಿಯುತ್ತಿದ್ದರು. ಅವಳು ಅವರ ಬೆನ್ನಿಗೆ ಕೆನ್ನೆ ಒತ್ತಿ ಕೂತಿರುತ್ತಿದ್ದಳು. ಆ ಸಿಳ್ಳೆ ತಮ್ಮ ಕಿವಿಗಲ್ಲ, ಬೆನ್ನಿಗೆ ಕೇಳುತ್ತಿತ್ತು ಅನ್ನುತ್ತಾರೆ ಅವರು. ಸಿಳ್ಳೆ ಜೋರಾದರೆ ಜೋರಾಗಿ ತುಳಿಯುವುದು, ಕಡಿಮೆಯಾದರೆ ಇನ್ನೂ ಜೋರಾಗಿ ತುಳಿಯುವುದು.

ಸ್ಕೂಲಿನಲ್ಲಿ ಅವಳನ್ನು ಆಟಕ್ಕೆ ಬಿಡುತ್ತಿರಲಿಲ್ಲ. ಎಲ್ಲರೂ ಬಯಲಲ್ಲಿ ಓಡುತ್ತಿದ್ದರೆ ಇವಳು ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಿದ್ದಳು. ಉಬ್ಬಸ ಬಿಟ್ಟುಹೋಗಿ ಎಷ್ಟೋ ವರ್ಷವಾದರೂ ಆ ಕೆಲಸ ಅವಳಿಗೇ ಉಳಿದಿತ್ತು. ಯಾತ್ರೆಯ ಮಾತು ಬಂದಾಗ ನನ್ನ ಪಕ್ಕ ಕೂತು ಅವಳು ಹೇಳಿದ್ದು ಇಷ್ಟೇ.

"ರಂಗಪ್ಪನ ಬೆಟ್ಟ ಸೈಕಲ್ ತುಳ್ಕಂಡು ಅತ್ತುಬುಡ್ಬೇಕು ಅಜ್ಜಿ. ಯಾರೂ ನಡುವೆ ಇಳಿಸ್ಬಾರ್ದು. ಈ ಸಲ ನನ್ ಚಪ್ಲೀನ ಬೇರೆ ಯಾರಾದ್ರೂ ಕಾಯ್ಲಿ."

ಆಮೇಲೆ ತಾತನ ಹತ್ತಿರ ಹೋದಳು.

"ತಾತ, ಉಬ್ಸ ಬಂದು ಎಷ್ಟ್ ವರ್ಸ ಆಯ್ತು, ನೀನೇ ಏಳು."

"ಮತ್ತೆ ಬಂದ್ರೆ ಅಂತ್ಲೇ ನಾನು ಕಾಯ್ತಾ ಕುಂತಿರೋದು ಕಣಮ್ಮಿ."

"ಅಂಗಾದ್ರೆ ನಾನು ಮುದ್ಕಿ ಆಗೋಗಂಟ ಕುಂತಿರ್ತೀಯಾ?"

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಸಂದು ನೋಡಿ ನುಗ್ಗಿದೆ. "ಅಡ್ಗೆ ಮಾಡೋಕೆ ಒಬ್ರು ಬೇಕಂತೆ. ನಾನೂ ಜೊತೇಲಿ ಓಯ್ತೀನಿ ಬುಡಿ."

"ನೀನಾ? ಸೈಕಲ್ ಮ್ಯಾಲಾ?"

"ಟೆಂಪೋ ಅದಂತೆ. ಪಾತ್ರೆ ಜೊತೆ ನನ್ನೂ ಏರ್ಕತಾರೆ."

ಹೊರಡುವ ದಿನ ಕೊಳ್ಳೇಗಾಲದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾಗ ಯಜಮಾನರು ಬಂದು ಮೇಷ್ಟ್ರಿಗೆ ಕೇಳುವ ಹಾಗೆ ಹೇಳಿದರು. "ನೋಡಿ ಸಾ. ಇವಳ್ಗೆ ಏದುಸ್ರು ಬಂದ್ರೆ, ಇಲ್ಲ ಕಾಡಲ್ಲಿ ಏನಾದ್ರೂ ಅಡ್ಡ ಬಂದ್ರೆ, ನಾನೇ ಬಂದು ದಾರೀಲಿ ನಿಂತ್ಕತೀನಿ. ಅಲ್ಲಿಂದ್ಲೇ ಮನೆಗೆ ಕರ್ಕಂಡು ಓಯ್ತೀನಿ." ಮೇಷ್ಟ್ರು ತಲೆಯಾಡಿಸಿದರು. ಹುಡುಗರಿಗೆ ಅದೇ ತಮಾಷೆಯ ವಸ್ತುವಾಯಿತು. ಪ್ರತಿ ತಿರುವಿನಲ್ಲೂ ಒಬ್ಬನಲ್ಲ ಒಬ್ಬ ಕೂಗುವನು: "ನೋಡ್ಕಳವ್ವ, ನಿಮ್ ತಾತ ಇಲ್ಲೇನಾದ್ರೂ ನಿಂತವ್ರಾ?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಯಜಮಾನರನ್ನು ನಾನು ಯಜಮಾನರು ಎಂದೇ ಅನ್ನುವುದು. ಗಂಡನ ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮ ಕಾಲದವರಿಗಿಲ್ಲ. ನನ್ನ ತವರು ಹನೂರಿನ ಆಚೆ, ಕಾಡಿನ ಅಂಚಿನ ಊರು. ಅಲ್ಲಿ ನಮ್ಮವ್ವ ಇನ್ನೊಂದನ್ನು ಕಲಿಸಿದ್ದಳು. ಕಾಡಿನೊಳಗೆ ಕಾಲಿಟ್ಟ ಮೇಲೆ ಆನೆಯ ಹೆಸರನ್ನೂ ಎತ್ತಬಾರದು. ಎತ್ತಿದರೆ ಕರೆದ ಹಾಗೆ. ಅದಕ್ಕೂ ನಮ್ಮ ತವರಿನಲ್ಲಿ ಯಜಮಾನರು ಎಂದೇ ಹೆಸರು. ಗಂಡಾಗಲಿ ಹೆಣ್ಣಾಗಲಿ, ಯಜಮಾನರೇ. ಮದುವೆಯಾದ ಹೊಸದರಲ್ಲಿ ನಮ್ಮವರು ಇದನ್ನು ಕೇಳಿ, "ನನ್ನ ಯಾರ ಸಾಲ್ಗೆ ಸೇರಿಸಿದ್ದೀಯೆ ನೀನು" ಎಂದು ನಕ್ಕಿದ್ದರು. ಕೊಳ್ಳೇಗಾಲದ ಬಯಲಲ್ಲಿ ಬೆಳೆದ ಮೊಮ್ಮಗಳಿಗೆ ಇದು ಗೊತ್ತಿರಲಿಲ್ಲ. ಗೊತ್ತು ಮಾಡುವ ಸಂದರ್ಭವೂ ಬಂದಿರಲಿಲ್ಲ.

ಮೊದಲ ದಿನ ಕಾಮಗೆರೆ ದಾಟುವಾಗ ಅವಳು ಆಸ್ಪತ್ರೆಯ ಗೇಟಿನ ಕಡೆ ತಿರುಗಿಯೂ ನೋಡದೆ ತುಳಿದುಕೊಂಡು ಹೋದಳು. ನಾನು ಟೆಂಪೋದಿಂದ ನೋಡಿದೆ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ, ಹಿಂದೆ ಯಜಮಾನರು ಇವಳಿಗೆ ತಿನ್ನಿಸುತ್ತಿದ್ದ ಹಾಗೆಯೇ, ಯಾರದೋ ಮಗುವಿಗೆ ಯಾರೋ ಬನ್ನು ತಿನ್ನಿಸುತ್ತಿದ್ದರು.

ಹನೂರು ಮುಟ್ಟುವ ಹೊತ್ತಿಗೆ ಮಕ್ಕಳ ಮುಖದ ಬಣ್ಣವೇ ಬದಲಾಗಿತ್ತು. ಬಿಸಿಲಿಗಿಂತ ಅವರನ್ನು ಕಾಡಿದ್ದು ಸೈಕಲ್ಲಿನ ಸೀಟು. ಈ ಕಾಲದ ಸೈಕಲ್ಲಿಗೆ ಸೀಟು ಅನ್ನುವುದು ಕುಡುಗೋಲಿನ ಹಿಡಿಯಷ್ಟೇ ಅಗಲ. ಊಟಕ್ಕೆ ಕರೆದರೆ ಒಬ್ಬರೂ ಕೂರಲಿಲ್ಲ. ತಟ್ಟೆ ಹಿಡಿದು ನಿಂತೇ ಉಂಡರು. ಒಬ್ಬ ಹುಡುಗ ಟೆಂಪೋಗೆ ಎದೆ ಆನಿಸಿ, ಕೈ ಮೇಲೆತ್ತಿ, ಡ್ರೈವರನ ಸೀಟಿನ ಮೇಲೆ ತಟ್ಟೆ ಇಟ್ಟುಕೊಂಡು ಉಂಡ. ನಮ್ಮ ಡ್ರೈವರು ಹನೂರಿನ ಕಡೆಯವನು, ಮಾತಿನ ಮಲ್ಲ.

"ಮದ್ವೆ ಮನೇಲಿ ಬಫೆ ಊಟ ಅಂತಾರಲ್ಲ ಅಜ್ಜಿ, ಅದು ಇಂಗೇ ಶುರುವಾಗಿರ್ಬೇಕು."

ಹನೂರಿನಿಂದ ಮುಂದೆ ಎದುರುಗಾಳಿ. ಜಾಲಿ ಮುಳ್ಳು ಬೇರೆ. ದಾರಿಯ ಅಂಚಿಗೆ ಸೈಕಲ್ ಇಳಿಸಿದರೆ ಸಾಕು, ಚಕ್ರ ಉಸ್ಸೆನ್ನುತ್ತಿತ್ತು. ಮೇಷ್ಟ್ರ ಬೆರಳೆಲ್ಲ ಪಂಕ್ಚರ್ ಅಂಟಿನಿಂದ ಒಂದಕ್ಕೊಂದು ಅಂಟಿಕೊಂಡು, ಅವರು ಮುದ್ದೆ ಮುರಿಯಲು ಕಷ್ಟಪಡುತ್ತಿದ್ದರು. ಒಂದು ಮಧ್ಯಾಹ್ನ ಮಳೆ ಬಂದು, ಒಲೆಗೆ ಹೂಡಿದ್ದ ಸೌದೆ ನೆನೆದು, ಎಲ್ಲರೂ ಹಸಿದುಕೊಂಡು ಒಂದು ಸ್ಕೂಲಿನ ಜಗುಲಿಯಲ್ಲಿ ಅವಲಕ್ಕಿ ಕಲಸಿ ತಿಂದೆವು. ಮಾದಪ್ಪನ ಬೆಟ್ಟದ ಬುಡದಲ್ಲಿರುವ ತಾಳುಬೆಟ್ಟದಿಂದ ಮೇಲಕ್ಕೆ ಹತ್ತುವಾಗ ಇಬ್ಬರು ಹುಡುಗರು ಸೈಕಲ್ಲಿನಿಂದ ಇಳಿದು ಟೆಂಪೋಗೆ ಹತ್ತಿದರು. ಮೊಮ್ಮಗಳೂ ಇಳಿದಳು. ಆದರೆ ಟೆಂಪೋಗೆ ಹತ್ತಲಿಲ್ಲ. ಒಂದು ತಿರುವು ತಳ್ಳಿಕೊಂಡು ಹೋಗಿ, ಮತ್ತೆ ಏರಿ ತುಳಿದಳು. ನಡೆದು ಬೆಟ್ಟಕ್ಕೆ ಹೋಗುತ್ತಿದ್ದ ಹರಕೆಯವರು ಅವಳನ್ನು ಕಂಡು "ಉಘೇ ಮಾದಪ್ಪ" ಎಂದು ದನಿ ಎತ್ತಿದರು. ಅವಳಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಅವಳ ಬದಲು ನಾನು ಟೆಂಪೋದಿಂದ ಅಂದೆ.

ಬೆಟ್ಟ ಇಳಿದು ಬಂದು ಅಡುಗೆ ಮಾಡುವಾಗ ಕೋತಿಗಳು ಬಂದವು. ಒಂದು ದೊಡ್ಡ ಗಡವ ನಾನು ಕಟ್ಟಿಟ್ಟಿದ್ದ ಮುದ್ದೆಯನ್ನು ಎತ್ತಿಕೊಂಡು ಮರ ಹತ್ತಿತು. ಮುದ್ದೆ ಒಲೆಯಿಂದ ಆಗ ತಾನೇ ಇಳಿದದ್ದು. ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಎಸೆದಾಡಿ ಕೊನೆಗೆ ಬಾಯಿಗೆ ಹಾಕಿಕೊಂಡಿತು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ಅಗಿಯಿತು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡು, ಬೆರಳು ಹಾಕಿ ಕೆರೆದುಕೊಳ್ಳುತ್ತಾ ನನ್ನನ್ನೇ ಗುರಾಯಿಸಿತು. ಆಮೇಲೆ ಆ ಮರದ ಒಂದು ಕೋತಿಯೂ ನನ್ನ ಅಡುಗೆಯ ಹತ್ತಿರ ಸುಳಿಯಲಿಲ್ಲ. ಮಕ್ಕಳು ಇದನ್ನು ನನ್ನ ಅಡುಗೆಗೆ ಸಿಕ್ಕ ಸರ್ಟಿಫಿಕೇಟು ಎಂದು ದಾರಿಯುದ್ದಕ್ಕೂ ಆಡಿಕೊಂಡರು.

ಯಜಮಾನರು ದಿನಾ ಸಾಯಂಕಾಲ ಫೋನು ಮಾಡುತ್ತಿದ್ದರು. ಕೇಳುವುದು ಎರಡೇ.

"ಮೊಗೀಗೆ ಉಸ್ರು ಎಂಗದೆ?"

"ನೆಟ್ಟಗದೆ."

"ಅಡ್ಡ ಏನೂ ಬರ್ನಿಲ್ವಾ?"

"ಜಿಂಕೆ ಬಂತು. ಅಂದಿ ಬಂತು. ಒಂದ್ ಕಾಟಿ ದೂರ್ದಲ್ಲಿ ನಿಂತಿತ್ತು. ಅವುಕ್ಕೆ ನಮ್ ಗೊಡವೆ ಬೇಡ್ವಂತೆ, ಓದ್ವು."

ಫೋನು ಇಡುವಾಗ ಅವರು ಒಂದು ಸಲ ಕೆಮ್ಮುತ್ತಿದ್ದರು. ಅದು ಇನ್ನೂ ಒಪ್ಪಿಲ್ಲ ಎನ್ನುವುದಕ್ಕೆ ಗುರುತು.

ಕೊನೆಯ ದಿನ ಯಳಂದೂರಿನಿಂದ ಬೆಳಿಗ್ಗೆ ಹೊರಟೆವು. ಇನ್ನು ಉಳಿದಿದ್ದು ಬಿಳಿಗಿರಿರಂಗನ ಬೆಟ್ಟ ಒಂದೇ. ಅವಳು ಆಸೆಪಟ್ಟಿದ್ದ ಬೆಟ್ಟ. ಮೇಷ್ಟ್ರು ಫಾರೆಸ್ಟಿನವರ ಅಪ್ಪಣೆ ಮೊದಲೇ ಪಡೆದಿದ್ದರು. ಚೆಕ್‌ಪೋಸ್ಟಿನಲ್ಲಿ ಗಾರ್ಡು ಎಲ್ಲರನ್ನೂ ನಿಲ್ಲಿಸಿ ಹೇಳಿದ. "ಟೆಂಪೋ ಮುಂದಿರ್ಲಿ. ಆರನ್ ಒಡೀಬೇಡಿ. ಕೂಗ್ಬೇಡಿ. ಏನಾದ್ರೂ ಕಂಡ್ರೆ ಮುಂದಿರೋರು ಇಂದಿರೋರ್ಗೆ ಬಾಯಿಂದ ಬಾಯಿಗೆ ಮೆಲ್ಲಗೆ ಏಳಿ."

ಹಾಗೇ ಹೊರಟೆವು. ನಾನು ಡ್ರೈವರನ ಪಕ್ಕ. ಹಿಂದೆ ಸೈಕಲ್ಲುಗಳು. ಎಲ್ಲರಿಗಿಂತ ಹಿಂದೆ ಮೇಷ್ಟ್ರು, ಅವರ ಪಕ್ಕದಲ್ಲಿ ನನ್ನ ಮೊಮ್ಮಗಳು. ಕಾಡಿನೊಳಗೆ ಏರು ಶುರುವಾಯಿತು. ರಸ್ತೆಯ ಮೇಲೆ ಲದ್ದಿ ಬಿದ್ದಿತ್ತು. ಇನ್ನೂ ಹಸಿಯಾಗಿತ್ತು. ಡ್ರೈವರು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಗೇರು ಇಳಿಸಿದ.

ತಿರುವು ಕಳೆದರೆ ರಸ್ತೆಯ ನಡುವೆ ನಿಂತಿತ್ತು. ಹೆಣ್ಣು. ಅದರ ಕಾಲ ಸಂದಿಯಲ್ಲಿ ಮರಿ. ಡ್ರೈವರು ಟೆಂಪೋ ನಿಲ್ಲಿಸಿ ಇಂಜಿನ್ ಆರಿಸಿದ. ಮೊದಲ ಸೈಕಲ್ಲಿನ ಹುಡುಗ ಟೆಂಪೋದ ಬೆನ್ನಿಗೇ, ತಿರುವಿನ ಈಚೆ ನಿಂತ. ಅವನಿಗೆ ಟೆಂಪೋ ಬಿಟ್ಟರೆ ಮುಂದಿನದು ಕಾಣುತ್ತಿರಲಿಲ್ಲ. ನಾನು ತಲೆ ಹೊರಗೆ ಹಾಕಿ ಮೆಲ್ಲಗೆ ಹೇಳಿದೆ.

"ತಡೀರಪ್ಪ. ಯಜಮಾನ್ರು ದಾರಿಗೆ ಅಡ್ಡ ನಿಂತವ್ರೆ. ಸದ್ದು ಮಾಡ್ಬೇಡಿ."

ಕಾಡಿನಲ್ಲಿ ನನ್ನ ಬಾಯಿಗೆ ಬೇರೆ ಮಾತು ಬರುವುದಿಲ್ಲ. ಬರಲಿಲ್ಲ.

ಆ ಹುಡುಗ ಹಿಂದಿನವನಿಗೆ ಹೇಳಿದ. ಅವನು ಅವನ ಹಿಂದಿನವಳಿಗೆ. ದಾರಿಯಲ್ಲಿ ನನ್ನ ಮಾತು ಏನೇನಾಯಿತು ಎನ್ನುವುದು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ತಿಳಿದೆ. ಮೊದಲು, "ಯಜಮಾನ್ರು ಅಡ್ಡ ನಿಂತವ್ರಂತೆ." ನಡುವೆ ಬಂದಾಗ, "ಅಜ್ಜಿ ಯಜಮಾನ್ರು ನಿಂತವ್ರಂತೆ." ಕೊನೆಗೆ ನನ್ನ ಮೊಮ್ಮಗಳ ಕಿವಿಗೆ ಬಿದ್ದಿದ್ದು, "ನಿಮ್ ತಾತ ಬಂದವ್ರಂತೆ ಕಣೇ. ಬಾಳ ಸಿಟ್ಟಲ್ಲವ್ರಂತೆ. ಉಸ್ರು ಎತ್ಬೇಡಿ ಅಂದ್ರಂತೆ."

ಮೇಷ್ಟ್ರು ಸೈಕಲ್ ನಿಲ್ಲಿಸಿ, ಟೋಪಿ ತೆಗೆದು, ತಲೆ ಸವರಿಕೊಂಡು, ಯಜಮಾನರ ಹತ್ತಿರ ಏನು ಮಾತಾಡಬೇಕು ಎಂದು ಯೋಚಿಸುತ್ತಿದ್ದರಂತೆ. ಅಷ್ಟರಲ್ಲಿ ಇವಳು, "ನೀವಿರಿ ಸಾ, ನಮ್ ತಾತನ ಅತ್ರ ನಾನೇ ಮಾತಾಡ್ತೀನಿ" ಎಂದು ಎಲ್ಲರನ್ನೂ ದಾಟಿ ಬಂದೇಬಿಟ್ಟಳು.

ನನ್ನ ಕಿಟಕಿಯ ಪಕ್ಕ ಅವಳ ಸೈಕಲ್ ಹಾದುಹೋಗಿದ್ದು ಕಂಡೆ. ಕೂಗುವ ಹಾಗಿಲ್ಲ. ಕೈ ಚಾಚಿದೆ, ಸಿಗಲಿಲ್ಲ. ಅವಳು ಟೆಂಪೋ ದಾಟಿ, ತಲೆ ಎತ್ತಿ, ತಾತನ ಜೊತೆ ಜಗಳಕ್ಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ನೆಲದ ಮೇಲೆ. ಎದುರಿಗೆ ಅದು ಕಿವಿ ಬೀಸುವುದನ್ನು ನಿಲ್ಲಿಸಿತು.

ನಾನು ಬಾಗಿಲು ತೆರೆದು ಇಳಿದೆ. ಇಳಿಯಬಾರದಿತ್ತು ಎಂದು ಆಮೇಲೆ ಡ್ರೈವರು ಬೈದ. ಸರಿಯೇ. ಬರಿಗಾಲಲ್ಲಿ ಹೋಗಿ ಅವಳ ಸೈಕಲ್ಲಿನ ಸೀಟನ್ನು ಹಿಂದಿನಿಂದ ಹಿಡಿದೆ. ಒಂದು ಹೆಜ್ಜೆ ಎಳೆದೆ. ಅವಳೂ ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು. ಅವಳ ಬೆನ್ನು ನನ್ನ ಮುಖದ ಹತ್ತಿರವಿತ್ತು. ನಾನು ಆಗ ಆನೆಯನ್ನು ನೋಡುತ್ತಿರಲಿಲ್ಲ. ಆ ಬೆನ್ನಿನೊಳಗೆ ಸಿಳ್ಳೆ ಶುರುವಾಗುತ್ತದೋ ಎಂದು ಕೇಳುತ್ತಿದ್ದೆ.

ಅದು ಸೊಂಡಿಲಿನಿಂದ ಒಂದು ಹಿಡಿ ಮಣ್ಣು ಎತ್ತಿ ತನ್ನ ಮೈಮೇಲೆ ಹಾಕಿಕೊಂಡಿತು. ಮರಿಯನ್ನು ಕಾಲಿನಿಂದ ನೂಕಿತು. ಆಮೇಲೆ ಎರಡೂ ಲಂಟಾನದ ಪೊದೆಯೊಳಗೆ ಇಳಿದವು. ಅಷ್ಟು ದೊಡ್ಡ ಮೈ ಹೋದ ಮೇಲೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮೊಮ್ಮಗಳು ಕೇಳಿದಳು. "ತಾತ ಎಲ್ಲಿ?"

"ಯಾವ್ ತಾತ?"

"ಯಜಮಾನ್ರು ನಿಂತವ್ರೆ ಅಂದಲ್ಲಾ."

"ನಿಂತಿದ್ರಲ್ಲ ಕೂಸು. ಈಗ ಓದ್ರು."

ಅವಳು ನನ್ನನ್ನು ನೋಡಿದಳು. ಪೊದೆಯನ್ನು ನೋಡಿದಳು. ಸೈಕಲ್ಲಿನ ಹ್ಯಾಂಡಲ್ ಮೇಲೆ ತಲೆ ಇಟ್ಟು ನಗಲು ಶುರು ಮಾಡಿದಳು. ಹೆದರಿಕೆಯ ನಗುವೋ ಸಂತೋಷದ ನಗುವೋ ನನಗೆ ತಿಳಿಯಲಿಲ್ಲ. ನಕ್ಕರೂ ಸಿಳ್ಳೆ ಬರಲಿಲ್ಲ. ಅದನ್ನು ಮಾತ್ರ ಗಮನಿಸಿಕೊಂಡೆ.

ಎಲ್ಲರಿಗೂ ಆ ಮಾತಿನ ಅರ್ಥ ಬಿಡಿಸಿ ಹೇಳಿದ ಮೇಲೆ ಮತ್ತೆ ಹೊರಟೆವು. ನೆತ್ತಿ ಇನ್ನೇನು ಹತ್ತಿರ ಅನ್ನುವಾಗ ರಸ್ತೆಯ ಬದಿಯಲ್ಲಿ ಒಂದೆರಡು ಮನೆ, ಒಂದು ಟೀ ಅಂಗಡಿ. ಅಲ್ಲಿಂದ ಮೇಲಕ್ಕೆ ಕೊನೆಯ ಏರು. ಈಗ ಟೆಂಪೋಗಿಂತ ಸ್ವಲ್ಪ ಮುಂದೆ ಹೋಗುತ್ತಿದ್ದ ಹುಡುಗ ಸೈಕಲ್ ತಿರುಗಿಸಿಕೊಂಡು ಬಂದ.

"ಅಜ್ಜಿ, ಯಜಮಾನ್ರು ನಿಂತವ್ರೆ."

ಹಿಂದಿನವರಿಗೆ ಅಷ್ಟು ಸಾಕಾಯಿತು. ಎಲ್ಲರೂ ಗಕ್ಕನೆ ಇಳಿದು, ಸೈಕಲ್ಲುಗಳನ್ನು ಹಿಡಿದುಕೊಂಡು ಟೆಂಪೋದ ಮರೆಗೆ ಒತ್ತಿಕೊಂಡು ನಿಂತರು. ಮೇಷ್ಟ್ರು ಬಾಯಿಯ ಮೇಲೆ ಬೆರಳಿಟ್ಟರು. ನಾನು ನೋಡಿದೆ. ಟೀ ಅಂಗಡಿಯ ಮುಂದೆ, ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು, ನಿಜವಾಗಿಯೂ ನಮ್ಮ ಯಜಮಾನರೇ ನಿಂತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದುಬಿಟ್ಟಿದ್ದರು.

ಹತ್ತಿರ ಬಂದು ಕೇಳಿದರು. "ನನ್ ಕಂಡು ಯಾಕಮ್ಮಿ ಇವ್ರೆಲ್ಲ ಇಂಗೆ ಅವಿತ್ಕಂಡವ್ರೆ?"

ನಾನು ಸೆರಗು ಸರಿಮಾಡಿಕೊಂಡೆ.

"ಅಡ್ಡ ಏನಾದ್ರೂ ಬಂತಾ?"

ಅವರಿಗೆ ನಾನು ಯಾವತ್ತೂ ಇಲ್ಲದ್ದನ್ನು ಹೇಳಿದವಳಲ್ಲ. "ಯಜಮಾನ್ರು ಸಿಕ್ಕಿದ್ರು" ಅಂದೆ.

ಇಷ್ಟು ಮಂದಿಗೆ ತಿಳಿಯದ ಮಾತು ಅವರಿಗೆ ಆ ಕ್ಷಣವೇ ತಿಳಿಯಿತು. ಮುಖ ಬಿಗಿಯಿತು. "ಎಷ್ಟ್ ಅತ್ರ?"

"ಮೊಗ ಉಸ್ರು ಬುಟ್ರೆ ಕೇಳೋವಷ್ಟು."

ಅವರು ಡ್ರೈವರನ ಕಡೆ ತಿರುಗಿದರು. "ಆ ಸೈಕಲ್ಲ ಟೆಂಪೋಗೆ ಏರ್ಸಪ್ಪ. ಇವಳ ನಾನು ಬಸ್ಸಲ್ಲಿ ಕರ್ಕಂಡು ಓಯ್ತೀನಿ."

ಮೊಮ್ಮಗಳು ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದಳು. ಜಗಳಕ್ಕೆ ಹೋಗುತ್ತಾಳೆ ಅಂದುಕೊಂಡೆ. ಅವಳು ತಾತನ ಎದುರು ಹೋಗಿ, ಅವರಿಗೆ ಬೆನ್ನು ಮಾಡಿ ನಿಂತಳು.

"ಕಿವಿ ಇಡು ತಾತ."

ಅವರು ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ಬಗ್ಗಿ ಅವಳ ಬೆನ್ನಿಗೆ ಕಿವಿ ಇಟ್ಟರು. ಈ ಕಡೆ ಇಟ್ಟು ಕೇಳಿದರು. ಆ ಕಡೆ ಇಟ್ಟು ಕೇಳಿದರು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದ.

"ಎದೆ ಒಡ್ಕತಾ ಅದೆ" ಅಂದರು.

"ಬೆಟ್ಟ ಅತ್ತಿದ್ರೆ ಯಾರ್ದಾದ್ರೂ ಒಡ್ಕತದೆ. ಸಿಳ್ಳೆ ಅದಾ ಏಳು."

ಅವರು ಮತ್ತೆ ಕಿವಿ ಇಟ್ಟರು. ಈ ಸಲ ಬೇಗ ತೆಗೆಯಲಿಲ್ಲ. ಎಷ್ಟೋ ವರ್ಷ ಅವರ ಬೆನ್ನು ಅವಳ ಎದೆಯನ್ನು ಕೇಳಿತ್ತು, ಈಗ ಅವರ ಕಿವಿ ಅವಳ ಬೆನ್ನನ್ನು ಕೇಳುತ್ತಿತ್ತು. ನೆಟ್ಟಗಾದಾಗ ಅವರ ಕಣ್ಣು ಒದ್ದೆಯಾಗಿತ್ತು. ಬೆವರು ಎನ್ನುವಂತೆ ಟವೆಲಿನಲ್ಲಿ ಮುಖ ಪೂರ್ತಿ ಒರೆಸಿಕೊಂಡರು.

"ಸಿಳ್ಳೆ ಇಲ್ಲ" ಅಂದರು. ಆಮೇಲೆ, "ನಂದೂ ಒಡ್ಕತಾ ಅದೆ, ನಾನು ಬಸ್ಸಲ್ಲಿ ಬಂದೋನು" ಅಂದರು. ಆಮೇಲೆ, "ಓಗು. ನೀರು ಕುಡ್ಕಂಡು ಓಗು."

ಅವಳು ನೀರು ಕುಡಿಯಲಿಲ್ಲ. ಸೈಕಲ್ ಏರಿದ್ದೇ ಹೊರಟುಹೋದಳು. ಯಜಮಾನರು ಟೆಂಪೋ ಹತ್ತಿ ನನ್ನ ಪಕ್ಕ ಒತ್ತರಿಸಿಕೊಂಡು ಕೂತರು. "ಮೆಲ್ಲಗೆ ಓಡ್ಸಪ್ಪ, ಮೊಗ ಇಂದೆ ಬತ್ತಾ ಅದೆ."

"ತಾತ, ಮೊಗ ಮುಂದೆ ಓಗಾಯ್ತು" ಅಂದ ಡ್ರೈವರು.

ಮೇಲೆ ದೇವಸ್ಥಾನದ ಮೆಟ್ಟಿಲ ಕೆಳಗೆ ಮಕ್ಕಳೆಲ್ಲ ಸೈಕಲ್ ಒರಗಿಸಿ, ಬೂಟು ಬಿಚ್ಚಿದರು. ಮೊಮ್ಮಗಳು ತನ್ನ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅಭ್ಯಾಸದಂತೆ, ಎಲ್ಲರ ಬೂಟುಗಳ ಪಕ್ಕ ಹೋಗಿ ನಿಂತಳು. ಯಜಮಾನರು ಅದನ್ನು ಅವಳ ಕೈಯಿಂದ ತೆಗೆದುಕೊಂಡರು.

"ನನ್ ಮಂಡಿಗೆ ಆ ಮೆಟ್ಲು ಆಗಕ್ಕಿಲ್ಲ. ನೀವೆಲ್ಲ ಓಗಿ ಬನ್ನಿ."

ಅವಳು ಮೆಟ್ಟಿಲನ್ನು ಓಡಿಕೊಂಡು ಹತ್ತಿದಳು. ನಾನು ನಿಧಾನವಾಗಿ ಹತ್ತುತ್ತಾ ಒಂದು ಸಲ ತಿರುಗಿ ನೋಡಿದೆ. ಕೆಸರು ಹತ್ತಿದ ಅಷ್ಟೊಂದು ಬೂಟುಗಳ ನಡುವೆ ಛತ್ರಿ ಬಿಚ್ಚಿಕೊಂಡು ಕೂತು, ಕೋತಿಗಳನ್ನು ಓಡಿಸುತ್ತಾ, ಅವಳ ಬೂಟುಗಳನ್ನು ಮಾತ್ರ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.